ಕೇಸಿಂಗ್ ಎಷ್ಟು ಅಡಿ ಇಳಿಯಿತು?

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್ ಆಸುಪಾಸಿನ ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಕ್ಕುರುಳುವ ಕಾಲ ಹತ್ತಿರ ಬಂದಿದೆ. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಮೆಟ್ರೊ ಗುಲಾಬಿ ಮಾರ್ಗದ ಸುರಂಗ ಕೊರೆಯುವ ಕೆಲಸ 2024ರ ಅಕ್ಟೋಬರ್ 30ಕ್ಕೆ ಮುಗಿಯಿತು. ಆ ಮಾರ್ಗದ ಶಿವಾಜಿನಗರ ಮತ್ತು ಎಂ.ಜಿ. ರಸ್ತೆ ನಿಲ್ದಾಣಗಳೆರಡೂ ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿವೆ. ರೈಲು ಓಡತೊಡಗಿದ ಮೇಲೆ ಇಲ್ಲಿನ ಚದರಡಿ ಬೆಲೆ ಏನಾಗುತ್ತದೆಂದು ಹೇಳಲು ಜ್ಯೋತಿಷಿ ಬೇಕಿಲ್ಲ. ನಾರಾಯಣ ಪಿಳ್ಳೈ ಸ್ಟ್ರೀಟ್, ಇಬ್ರಾಹಿಂ ಸಾಹಿಬ್ ಸ್ಟ್ರೀಟ್, ಜ್ಯುವೆಲರ್ಸ್ ಸ್ಟ್ರೀಟ್‌ಗಳಲ್ಲಿ ಎರಡು ಮಹಡಿಯಿದ್ದ ಕಡೆ ಆರು ಮಹಡಿ ಏಳುತ್ತದೆ. ಆರು ಮಹಡಿಗೆ ಪಾರ್ಕಿಂಗ್ ಬೇಕು, ಪಾರ್ಕಿಂಗ್‌ಗೆ ಬೇಸ್‌ಮೆಂಟ್ ಬೇಕು. ಒಂದರ ಗೋಡೆ ಇನ್ನೊಂದಕ್ಕೆ ಆನಿಕೊಂಡು ನಿಂತ ಗಲ್ಲಿಗಳಲ್ಲಿ ಮೂವತ್ತು, ನಲವತ್ತು ಅಡಿ ಆಳದ ಗುಂಡಿಗಳು ಬೀಳಲಿವೆ. ಅವು ಬೀಳುವ ಮೊದಲೇ ಒಂದು ಮಾತು ಹೇಳಬೇಕಿದೆ: ಇಲ್ಲಿ ಕೆಳಗೆ ಬಂಡೆಯಿದೆ ಎಂದು ಯಾರೂ ನೆಚ್ಚಿಕೊಳ್ಳಬಾರದು.

ಬೆಂಗಳೂರಿಗರಿಗೆ ಈ ಮಾತು ರುಚಿಸುವುದಿಲ್ಲ. ನಮ್ಮದು ಬಂಡೆಯ ಮೇಲೆ ಕೂತ ಊರು, ಭೂಕಂಪ ಬಂದರೂ ಅಲುಗುವುದಿಲ್ಲ ಎಂಬ ಹೆಮ್ಮೆ ಎಲ್ಲರಲ್ಲೂ ಇದೆ. ಹೊರಗಿನಿಂದ ಬಂದವರನ್ನು ಲಾಲ್‌ಬಾಗ್ ಬಂಡೆಯ ಮೇಲೆ ಹತ್ತಿಸಿ, ಇದು ಮುನ್ನೂರು ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಫಲಕ ತೋರಿಸುತ್ತೇವೆ. ಅದೆಲ್ಲ ನಿಜವೇ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ನೂರು ವರ್ಷಗಳ ಹಿಂದೆಯೇ ಈ ಶಿಲೆಯನ್ನು ಪೆನಿನ್ಸುಲರ್ ನೈಸ್ ಎಂದು ಕರೆದ. ಹೆಸರು ಇಂದಿಗೂ ನಿಂತಿದೆ. ಆದರೆ ಲಾಲ್‌ಬಾಗಿನಲ್ಲಿ ಕಾಣುವುದು ಕೊಳೆಯದೆ ಉಳಿದ ಭಾಗ ಮಾತ್ರ. ಅದೇ ಶಿಲೆ ಊರಿನ ಉಳಿದ ಕಡೆಗಳಲ್ಲಿ ಮಣ್ಣಿನಡಿ ಮುಚ್ಚಿಕೊಂಡು, ಲಕ್ಷಾಂತರ ವರ್ಷಗಳಿಂದ ಕೊಳೆಯುತ್ತಲೇ ಇದೆ. ಬಯಲಿಗೆ ಬಿದ್ದ ಬಂಡೆಯ ಮೇಲೆ ಸುರಿದ ಮಳೆ ಹರಿದುಹೋಗಿ, ಬಿಸಿಲಿಗೆ ಒಣಗಿಬಿಡುತ್ತದೆ. ಮಣ್ಣು ಹೊದ್ದ ಬಂಡೆಗೆ ಒಣಗುವ ಭಾಗ್ಯವಿಲ್ಲ. ನೀರು ಅದರ ಸಂದುಗಳಲ್ಲೇ ಕೂತಿರುತ್ತದೆ.

ಕಲ್ಲು ಕೊಳೆಯುವುದು ಹೇಗೆ? ನಮ್ಮ ನೈಸ್ ಮತ್ತು ಗ್ರಾನೈಟ್‌ನಲ್ಲಿ ಮುಖ್ಯವಾಗಿ ಮೂರು ಖನಿಜಗಳಿವೆ: ಬಿಳಿ ಅಥವಾ ನಸುಗೆಂಪಿನ ಫೆಲ್ಡ್‌ಸ್ಪಾರ್, ಗಾಜಿನಂಥ ಬೆಣಚು, ಅಲ್ಲಲ್ಲಿ ಮಿನುಗುವ ಕಪ್ಪು ಅಭ್ರಕ. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗಿರುತ್ತದೆ. ಮಣ್ಣಿನಲ್ಲಿ ಇಳಿಯುವಾಗ ಬೇರುಗಳು, ಸೂಕ್ಷ್ಮಜೀವಿಗಳು ಬಿಡುವ ಉಸಿರು ಸೇರಿ ಹುಳಿ ಹೆಚ್ಚುತ್ತದೆ. ಈ ನೀರು ಮುಟ್ಟಿದ ಕಡೆ ಫೆಲ್ಡ್‌ಸ್ಪಾರ್‌ನ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ ಕರಗಿ ಹೋಗಿ, ಉಳಿದದ್ದು ಬಿಳಿ ಜೇಡಿಯಾಗುತ್ತದೆ. ಕಪ್ಪು ಅಭ್ರಕದಲ್ಲಿರುವ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಅಭ್ರಕ ಉಬ್ಬಿ ಪಕ್ಕದ ಹರಳುಗಳನ್ನು ಸರಿಸಿ, ಕೂದಲೆಳೆಯಂಥ ಬಿರುಕು ಮಾಡುತ್ತದೆ. ಆ ಬಿರುಕಿನಲ್ಲಿ ಮತ್ತೆ ನೀರು. ಬೆಣಚಿಗೆ ಮಾತ್ರ ಏನೂ ಆಗುವುದಿಲ್ಲ, ಅದು ಮರಳಾಗಿ ಉಳಿಯುತ್ತದೆ. ಬೆಂಗಳೂರಿನ ಕೆಮ್ಮಣ್ಣು ಎಂದರೆ ಇದೇ, ಜೇಡಿ ಮತ್ತು ಮರಳಿಗೆ ಕಬ್ಬಿಣದ ತುಕ್ಕು ಬಳಿದದ್ದು.

ಶಾಲೆಯ ಪುಸ್ತಕಗಳು ಇದನ್ನು ಶಿಲಾ ಶಿಥಿಲೀಕರಣ ಎಂದು ಕರೆದು, ಭೌತಿಕ, ರಾಸಾಯನಿಕ, ಜೈವಿಕ ಎಂದು ಮೂರು ಭಾಗ ಮಾಡಿ ಮುಂದಿನ ಪಾಠಕ್ಕೆ ಹೋಗುತ್ತವೆ. ನೆಲದಡಿ ಮೂರೂ ಒಟ್ಟಿಗೇ ನಡೆಯುತ್ತವೆ. ಬಂಡೆ ಬಿಸಿಗೆ ಹಿಗ್ಗಿ ಪದರ ಬಿಡುತ್ತದೆಂಬುದನ್ನು ನಮ್ಮ ಕಲ್ಲು ಒಡೆಯುವವರು ಪುಸ್ತಕ ಓದಿ ತಿಳಿದವರಲ್ಲ. ಬಂಡೆಯ ಮೇಲೆ ಸೌದೆಯ ಬೆಂಕಿ ಹಾಕಿ, ಅದನ್ನು ಮೆಲ್ಲಗೆ ಸರಿಸುತ್ತ, ಚಪ್ಪಡಿ ಕಲ್ಲನ್ನು ಹಾಳೆಯಾಗಿ ಎಬ್ಬಿಸುವ ಬೆಂಗಳೂರಿನವರ ವಿದ್ಯೆ 1895ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿಯಾಗಿತ್ತು. ಕಂಟೋನ್ಮೆಂಟಿನ ಎಷ್ಟೋ ಮನೆಗಳ ಗೋಡೆ, ಚರಂಡಿ ಮುಚ್ಚುವ ಹಾಸುಗಲ್ಲು ಎಲ್ಲ ಹೀಗೆ ಎದ್ದು ಬಂದವು.

ಇಲ್ಲಿ ಎಚ್ಚರದಿಂದ ಗಮನಿಸಬೇಕಾದ ಸಂಗತಿ, ಕೊಳೆತ ಎಲ್ಲ ಕಡೆ ಒಂದೇ ಆಳಕ್ಕೆ ಇಳಿಯುವುದಿಲ್ಲ. ನೀರು ಸೀಳುಗಳ ಜಾಡು ಹಿಡಿದು ಹೋಗುತ್ತದೆ. ಸೀಳು ಒತ್ತಾಗಿರುವ ಕಡೆ ಆಳವಾಗಿ ಕೊಳೆತು, ವಿರಳವಾಗಿರುವ ಕಡೆ ಕಲ್ಲು ಹಾಗೇ ಉಳಿಯುತ್ತದೆ. ನಾಲ್ಕೂ ಕಡೆಯಿಂದ ನೀರು ಕಚ್ಚಿದ ಬಂಡೆಯ ಮೂಲೆಗಳು ಮೊದಲು ಸವೆದು, ನಡುವೆ ದುಂಡನೆಯ ಗಟ್ಟಿ ಗುಂಡು ಉಳಿಯುತ್ತದೆ. ಸುತ್ತ ಮಣ್ಣಾದ ಕಲ್ಲು, ನಡುವೆ ಲಾರಿಯಷ್ಟು ದೊಡ್ಡ ಗುಂಡು. ಎಂಜಿನಿಯರುಗಳು ಇದನ್ನು ಆರು ದರ್ಜೆಗಳಲ್ಲಿ ಅಳೆಯುತ್ತಾರೆ. ಒಂದನೆಯದು ಸುತ್ತಿಗೆಗೆ ಠಣ್ ಎನ್ನುವ ತಾಜಾ ಶಿಲೆ, ಆರನೆಯದು ಪೂರಾ ಮಣ್ಣು. ಮೋಸ ಮಾಡುವುದು ನಾಲ್ಕು ಮತ್ತು ಐದನೆಯ ದರ್ಜೆ. ಕಣ್ಣಿಗೆ ಅದು ಕಲ್ಲೇ. ಪಟ್ಟೆ, ಹರಳು, ಸೀಳು ಎಲ್ಲ ಇದ್ದಲ್ಲೇ ಇರುತ್ತವೆ. ಕೈಯಲ್ಲಿ ಹಿಡಿದು ಹಿಸುಕಿದರೆ ಉದುರುತ್ತದೆ. ಹುಳುಕು ಹಲ್ಲಿನ ಹಾಗೆ, ಆಕಾರ ಉಳಿದು ತಿರುಳು ಹೋಗಿರುತ್ತದೆ.

ಇದರ ಇನ್ನೊಂದು ಗುಣ ಗುತ್ತಿಗೆದಾರರನ್ನು ಮೈಮರೆಸುವಂಥದು. ಒಣಗಿರುವಾಗ ಇದು ನೆಟ್ಟಗೆ, ಗೋಡೆಯಂತೆ ನಿಲ್ಲುತ್ತದೆ. ಫೆಬ್ರವರಿಯಲ್ಲಿ ಇಪ್ಪತ್ತೈದು ಅಡಿ ನೇರವಾಗಿ ಅಗೆದರೂ ಒಂದು ಹಿಡಿ ಉದುರುವುದಿಲ್ಲ. ಕಣಗಳ ನಡುವೆ ಉಳಿದ ಅಷ್ಟಿಷ್ಟು ತೇವವೇ ಅವನ್ನು ಹಿಡಿದಿಟ್ಟಿರುತ್ತದೆ. ಮೇ ತಿಂಗಳ ಒಂದು ಗುಡುಗುಮಳೆಗೆ ಸಂದುಗಳು ನೀರು ತುಂಬಿಕೊಂಡವೆಂದರೆ ಆ ಹಿಡಿತ ಬಿಟ್ಟುಹೋಗುತ್ತದೆ. ಜೊತೆಗೆ, ಜೇಡಿ ಸವರಿಕೊಂಡ ಹಳೆಯ ಸೀಳು ಗುಂಡಿಯ ಕಡೆಗೆ ಇಳಿಜಾರಾಗಿದ್ದರೆ ಇಡೀ ತುಂಡು ಜಾರುತ್ತದೆ. ಮೂರು ತಿಂಗಳು ನಿಂತಿದೆಯಲ್ಲ ಸಾರ್ ಎನ್ನುವ ವಾದಕ್ಕೆ ಈ ನೆಲದಲ್ಲಿ ಬೆಲೆಯಿಲ್ಲ.

ಕಲ್ಲು ಕೊಳೆಯುವ ವೇಗವನ್ನು ನಾವೇನೂ ಏರಿಸಿಲ್ಲ. ಒಂದು ಅಡಿ ಬಂಡೆ ಮಣ್ಣಾಗಲು ಹತ್ತಾರು ಸಾವಿರ ವರ್ಷ ಬೇಕು. ಶಿಥಿಲೀಕರಣದಿಂದಲೇ ಕಟ್ಟಡ ಬಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಹೊಣೆ ಜಾರಿಸಿಕೊಳ್ಳುವ ಮಾತು. ಕೊಳೆತದ್ದು ಹಳೆಯ ಕತೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಗೆಯುವುದು, ಅದರೊಳಗೆ ನೀರು ಬಿಡುವುದು, ಅದರಿಂದ ನೀರು ಹೀರುವುದು ನಮ್ಮ ಕೆಲಸ.

ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಏನಾಗುತ್ತದೆಂದು ಊರು ಆಗಲೇ ನೋಡಿದೆ. ಮೆಟ್ರೊ ಮೊದಲ ಹಂತದಲ್ಲಿ ಚಿಕ್ಕಪೇಟೆಯಿಂದ ಮೆಜೆಸ್ಟಿಕ್ ಕಡೆಗೆ ಹೊರಟ ಗೋದಾವರಿ ಎಂಬ ಸುರಂಗ ಯಂತ್ರ 2014ರಲ್ಲಿ ಕಲ್ಲು–ಮಣ್ಣು ಬೆರೆತ ನೆಲದಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ನಿಂತಿತು. ಅದು ಹೊರಗೆ ತಲೆ ಹಾಕಿದ್ದು 2016ರ ಏಪ್ರಿಲ್‌ನಲ್ಲಿ. ಗುಲಾಬಿ ಮಾರ್ಗದಲ್ಲಿ ಊರ್ಜಾ ಯಂತ್ರ ಕಂಟೋನ್ಮೆಂಟ್‌ನಿಂದ ಶಿವಾಜಿನಗರಕ್ಕೆ ಸುಮಾರು 850 ಮೀಟರ್ ಕೊರೆಯಲು ಒಂದು ವರ್ಷಕ್ಕೂ ಮಿಗಿಲಾಗಿ ತೆಗೆದುಕೊಂಡು, 2021ರ ಸೆಪ್ಟೆಂಬರ್ 22ರಂದು ಹೊರಬಂತು. ಇಂಥ ನೆಲದಲ್ಲಿ ಯಂತ್ರದ ಮುಖದ ಕೆಳಗರ್ಧಕ್ಕೆ ಗಟ್ಟಿ ಬಂಡೆ, ಮೇಲರ್ಧಕ್ಕೆ ಉದುರು ಮಣ್ಣು ಎದುರಾಗುತ್ತದೆ. ಕೆಳಗೆ ಇಂಚಿಂಚಾಗಿ ಕೊರೆಯುವಷ್ಟರಲ್ಲಿ ಮೇಲಿನ ಮಣ್ಣು ಬೇಕಾದ್ದಕ್ಕಿಂತ ಹೆಚ್ಚಾಗಿ ಒಳಗೆ ಬಂದುಬಿಡುತ್ತದೆ. ಹಾಗೆ ಬಂದಷ್ಟು ಜಾಗ ಮೇಲೆ ಪೊಳ್ಳಾಗುತ್ತದೆ. ಪೊಳ್ಳು ಒಂದೇ ದಿನ ರಸ್ತೆಗೆ ಬರಬೇಕೆಂದೇನಿಲ್ಲ, ಮೆಲ್ಲನೆ ಮೇಲಕ್ಕೆ ಏರಿಕೊಂಡು ಬರುತ್ತದೆ. 2021ರಲ್ಲಿ ಟ್ಯಾನರಿ ರಸ್ತೆಯ ಮನೆಯೊಂದರಲ್ಲಿ ನೆಲ ಕುಸಿಯಿತು. ಅಲ್ಲಿ ಹಿಂದೆ ಮುಚ್ಚಿದ ಬಾವಿಯಿತ್ತು ಎಂಬ ವಿವರಣೆ ಬಂತು. 2023ರ ಜನವರಿ 12ರಂದು ಜಾನ್ಸನ್ ಮಾರುಕಟ್ಟೆ ಬಳಿ ಬ್ರಿಗೇಡ್ ರಸ್ತೆಯಲ್ಲಿ ಗುಂಡಿ ಬಾಯ್ತೆರೆದು ಬೈಕ್ ಸವಾರರೊಬ್ಬರು ಗಾಯಗೊಂಡರು. ಕಮರ್ಷಿಯಲ್ ಸ್ಟ್ರೀಟ್‌ನಿಂದ ಅದು ಎಷ್ಟು ದೂರ? ಆಟೊದಲ್ಲಿ ಹತ್ತು ನಿಮಿಷ, ಟ್ರಾಫಿಕ್ ಇದ್ದರೆ ಅರ್ಧ ಗಂಟೆ.

ಸುರಂಗದ ಕೆಲಸಕ್ಕೆ ಕೊನೆಯ ಪಕ್ಷ ಅಳತೆ ಯಂತ್ರಗಳಿವೆ, ಕೇಳಲು ಒಂದು ನಿಗಮವಿದೆ. ನಮ್ಮ ಹೆಚ್ಚಿನ ಆತಂಕ ಬೇಸ್‌ಮೆಂಟ್‌ಗಳ ಬಗ್ಗೆ. 2020ರ ಜುಲೈನ ಒಂದು ರಾತ್ರಿ ಗಾಂಧಿನಗರದಲ್ಲಿ, ಕಪಾಲಿ ಚಿತ್ರಮಂದಿರ ಇದ್ದ ಜಾಗದಲ್ಲಿ ತೋಡಿದ್ದ ಆಳದ ಗುಂಡಿಯ ಪಕ್ಕದ ಬಹುಮಹಡಿ ವಸತಿಗೃಹ ಕುಸಿದುಬಿತ್ತು. ಮಳೆಗಾಲ ಬೇರೆ. ಒಳಗಿದ್ದವರು ಸಮಯಕ್ಕೆ ಹೊರಬಂದಿದ್ದರಿಂದ ಜೀವ ಉಳಿಯಿತು. ಅಂಥದೇ ಘಟನೆ ದೀಪಾವಳಿಯೋ ರಂಜಾನೋ ಹತ್ತಿರವಾದ ಒಂದು ಸಂಜೆ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ನಡೆದರೆ ಎಂದು ಊಹಿಸಿಕೊಳ್ಳುವುದೂ ಕಷ್ಟ.

ಈ ಭಾಗಕ್ಕೇ ವಿಶೇಷವಾದ ತೊಡಕುಗಳೂ ಇವೆ. ಕಂಟೋನ್ಮೆಂಟ್ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ. 1890ರ ದಶಕದಲ್ಲಿ ಹೆಸರಘಟ್ಟದ ನೀರು ನಳಕ್ಕೆ ಬರುವವರೆಗೆ, ಸೈನ್ಯದ ಬಜಾರೂ ಅದರ ಸುತ್ತ ಬೆಳೆದ ಪೇಟೆಯೂ ಬದುಕಿದ್ದು ಕೆರೆ, ಬಾವಿಗಳ ಮೇಲೆ. ಬಾವಿ ತೋಡುವವರು ಕೆಮ್ಮಣ್ಣು, ಗರಸು ದಾಟಿ, ಕೊಳೆತ ಕಲ್ಲಿನಲ್ಲಿ ಒರತೆ ಸಿಕ್ಕಲ್ಲಿ ನಿಲ್ಲಿಸುತ್ತಿದ್ದರು. ನಳ ಬಂತು, ಆಮೇಲೆ ಕಾವೇರಿ ಬಂತು, ಬಾವಿಗಳು ಕಸ, ಇಟ್ಟಿಗೆ ಚೂರು ತುಂಬಿಸಿಕೊಂಡು ಅಂಗಡಿಗಳ ಕೆಳಗೆ ಮುಚ್ಚಿಹೋದವು. ಎಷ್ಟು ಬಾವಿ, ಎಲ್ಲೆಲ್ಲಿ ಎಂಬ ಪಟ್ಟಿ ಯಾವ ಕಚೇರಿಯ ಗೋಡೆಯ ಮೇಲೂ ತೂಗಿಲ್ಲ. ಸಡಿಲವಾಗಿ ತುಂಬಿದ ಬಾವಿಯೆಂದರೆ ನೇರ ಕೊಳೆತ ಕಲ್ಲಿನೊಳಕ್ಕೆ ನೀರು ಇಳಿಸುವ ಕೊಳವೆ. ಸೋರುವ ಒಳಚರಂಡಿ ಪೈಪು ಪಕ್ಕದಲ್ಲೇ ಹಾದುಹೋಗಿದ್ದರೆ ನೀರು ಸಣ್ಣ ಕಣಗಳನ್ನು ಕೊಚ್ಚಿಕೊಂಡು ಹೋಗುತ್ತಿರುತ್ತದೆ, ಮೇಲಿನವರಿಗೆ ಗೊತ್ತೇ ಆಗುವುದಿಲ್ಲ. ಇದಕ್ಕೆ ಮಳೆಯ ಹೊಸ ಚಾಳಿಯೂ ಸೇರಿದೆ. ವರ್ಷಕ್ಕೆ 970 ಮಿ.ಮೀ. ಆಸುಪಾಸು ವಾಡಿಕೆಯಿರುವ ಊರಿಗೆ 2022ರಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಸುರಿಯಿತು.

ಸ್ಮಾರ್ಟ್ ಸಿಟಿ ಯೋಜನೆಯಡಿ ಕಮರ್ಷಿಯಲ್ ಸ್ಟ್ರೀಟ್‌ಗೆ ಹಾಸಿದ ಕಲ್ಲುಗಳು 2021ರ ಮಳೆಗೆ ಎದ್ದು ತಗ್ಗಾಗಿ, ಮತ್ತೆ ಕಿತ್ತು ಹಾಸಬೇಕಾಗಿ ಬಂದದ್ದು ವ್ಯಾಪಾರಿಗಳಿಗೆ ನೆನಪಿದೆ. ಅದಕ್ಕೂ ಆಳದ ಶಿಲೆಗೂ ಸಂಬಂಧವಿಲ್ಲ, ಅದು ಮೇಲಿನ ಒಂದೆರಡು ಅಡಿಯ ಕೆಲಸದ ಗುಣಮಟ್ಟದ ಪ್ರಶ್ನೆ. ಆದರೆ ಕಣ್ಣಿಗೆ ಕಾಣುವ ಒಂದೆರಡು ಅಡಿಯನ್ನೇ ಸರಿಯಾಗಿ ನೋಡಿಕೊಳ್ಳದ ವ್ಯವಸ್ಥೆ ಕಾಣದ ನಲವತ್ತು ಅಡಿಯನ್ನು ನೋಡಿಕೊಳ್ಳುತ್ತದೆಂದು ಹೇಗೆ ನಂಬುವುದು?

ನಿವೇಶನದಲ್ಲಿ ಸಾಯಿಲ್ ಟೆಸ್ಟ್ ಮಾಡಿಸಿಯೇ ಕಟ್ಟುತ್ತೇವಲ್ಲ ಎಂದು ಬಿಲ್ಡರುಗಳು ಕೇಳುತ್ತಾರೆ. ಮಾಡಿಸುತ್ತಾರೆ, ನಿಜ. ಮೂವತ್ತು–ನಲವತ್ತರ ಸೈಟಿನಲ್ಲಿ ಒಂದೋ ಎರಡೋ ರಂಧ್ರ. ಕೊರೆಯುವ ಕಬ್ಬಿಣಕ್ಕೆ ಹದಿನೈದು ಅಡಿಗೆ ಗಟ್ಟಿ ಕಲ್ಲು ತಾಗಿದರೆ 'ಶಿಲೆ ಸಿಕ್ಕಿತು' ಎಂದು ಬರೆದು ನಿಲ್ಲಿಸಿಬಿಡುವ ಆಸೆ ಎಲ್ಲರಿಗೂ. ಅದು ತಳದ ಬಂಡೆಯೋ, ಕೊಳೆತದ ನಡುವೆ ತೇಲುತ್ತಿರುವ ಗುಂಡೋ ಎಂದು ತಿಳಿಯಲು ಇನ್ನೂ ಕೆಲವು ಮೀಟರ್ ಕೊರೆಯಬೇಕು. ಅದಕ್ಕೆ ದುಡ್ಡು ಕೊಡುವವರು ಕಡಿಮೆ. ಮೇಲಾಗಿ ಆ ವರದಿ ತನ್ನ ಸೈಟಿನ ಗಡಿಯಲ್ಲಿ ನಿಂತುಬಿಡುತ್ತದೆ. ಅಪಾಯ ಇರುವುದು ಪಕ್ಕದವರ ಪಾಯಕ್ಕೆ.

ಹಾಗಾದರೆ ನೆಲದಡಿಯ ನಕ್ಷೆ ಎಲ್ಲಿದೆ? ಇಡೀ ಊರಿನವರ ಬೀರುಗಳಲ್ಲಿದೆ. ಬೋರ್‌ವೆಲ್ ಕೊರೆಸಿದವರೆಲ್ಲ ಕೇಳಿಸಿಕೊಂಡ ಪ್ರಶ್ನೆ ಒಂದಿದೆ: ಕೇಸಿಂಗ್ ಎಷ್ಟು ಅಡಿ ಇಳಿಯಿತು? ಮಣ್ಣೂ ಕೊಳೆತ ಕಲ್ಲೂ ಕುಸಿಯದಂತೆ ಪೈಪು ಇಳಿಸುತ್ತಾರೆ, ಗಟ್ಟಿ ಬಂಡೆ ಸಿಕ್ಕ ಕೂಡಲೇ ಪೈಪು ನಿಲ್ಲಿಸುತ್ತಾರೆ. ಅಂದರೆ ಬಿಲ್ಲಿನಲ್ಲಿರುವ ಕೇಸಿಂಗ್ ಅಡಿಯೇ ಹೆಚ್ಚುಕಡಿಮೆ ಅಲ್ಲಿ ಶಿಥಿಲ ವಲಯದ ಆಳ. ಒಂದು ಮನೆಗೆ ಇಪ್ಪತ್ತು ಅಡಿ, ಅದೇ ಬೀದಿಯ ಇನ್ನೊಂದು ಮನೆಗೆ ಎಂಬತ್ತು ಅಡಿ ಇಳಿದ ಉದಾಹರಣೆ ಬೆಂಗಳೂರಿನಲ್ಲಿ ಯಾರಿಗೂ ಹೊಸದಲ್ಲ. ಪೈಪಿನ ಖರ್ಚು ಹೆಚ್ಚಾಯಿತೆಂದು ಗೊಣಗಿ ಮರೆತಿರುತ್ತೇವೆ. ಲಕ್ಷಾಂತರ ಬೋರ್‌ವೆಲ್‌ಗಳ ಈ ಒಂದು ಅಂಕಿ ಒಂದೆಡೆ ಸೇರಿದರೆ ಯಾವ ಸಂಸ್ಥೆಗೂ ಪ್ರತ್ಯೇಕವಾಗಿ ಕೊರೆದು ತಯಾರಿಸಲಾಗದಷ್ಟು ದಟ್ಟವಾದ ನಕ್ಷೆ ಸಿಗುತ್ತದೆ. 2024ರ ಬೇಸಿಗೆಯ ನೀರಿನ ಬರದಲ್ಲಿ ಜಲಮಂಡಳಿ ಹೊಸ ಕೊಳವೆಬಾವಿಗೆ ಪೂರ್ವಾನುಮತಿ ಕಡ್ಡಾಯ ಮಾಡಿತು. ಆ ಅರ್ಜಿಗೆ ಒಂದು ಕಾಲಂ ಸೇರಿಸುವುದಕ್ಕೆ ಸಚಿವ ಸಂಪುಟದ ತೀರ್ಮಾನ ಬೇಕಾಗಲಾರದು.

ಮೆಟ್ರೊ ನಿಗಮದ ಬಳಿಯೂ ಭಂಡಾರವಿದೆ. ಡೇರಿ ವೃತ್ತದಿಂದ ನಾಗವಾರದವರೆಗೆ, ಎರಡೂ ದಿಕ್ಕಿನದು ಸೇರಿ ಸುಮಾರು 21 ಕಿ.ಮೀ. ಸುರಂಗ, ಒಂಬತ್ತು ಯಂತ್ರಗಳು. ಕೊರೆಯುವ ಮೊದಲಿನ ರಂಧ್ರಗಳ ದಾಖಲೆ, ಎಲ್ಲಿ ಮಣ್ಣು, ಎಲ್ಲಿ ಗುಂಡು, ಎಲ್ಲಿ ನೀರು ಎಂಬ ವಿವರ ಇದೆಲ್ಲ ಸಾರ್ವಜನಿಕ ಹಣದಲ್ಲಿ ಸಿಕ್ಕ ತಿಳಿವಳಿಕೆ. ಕಡತದಲ್ಲಿ ಮಲಗಿಸುವ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೂ ಬೆಂಗಳೂರು ಕೇಂದ್ರ ನಗರ ಪಾಲಿಕೆಗೂ ಕೊಡಬೇಕು, ಅಲ್ಲಿಂದ ಯಾವ ಮನೆ ಮಾಲೀಕನೂ ನೋಡುವಂತಾಗಬೇಕು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ 16 ಕಿ.ಮೀ.ಗೂ ಮಿಕ್ಕಿದ ಸುರಂಗ ರಸ್ತೆಯ ಮಾತಾಡುವವರಿಗಂತೂ ಇದು ಮೊದಲ ಪಾಠವಾಗಬೇಕಿತ್ತು. ಮೂರನೆಯ ಮೂಲ ಬಾವಿ ತೋಡುವ ಮಣ್ಣೊಡ್ಡರು. ಬಯೋಮ್ ಸಂಸ್ಥೆಯ ಹತ್ತು ಲಕ್ಷ ಬಾವಿ ಅಭಿಯಾನದಲ್ಲಿ ಇಂಗುಬಾವಿ ತೋಡುತ್ತ ಊರೆಲ್ಲ ಸುತ್ತಿದ ಇವರಿಗೆ ಯಾವ ಬಡಾವಣೆಯಲ್ಲಿ ಎಷ್ಟು ಅಡಿಗೆ ಗರಸು, ಎಷ್ಟು ಅಡಿಗೆ ಕಲ್ಲು ಎಂಬುದು ಬಾಯಿಪಾಠ. ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಲು ನಮ್ಮ ಯೋಜಕರಿಗೆ ಬಿಗುಮಾನವೇಕೆ?

ಇದೆಲ್ಲ ಆಗದ ಕೆಲಸವೆನ್ನುವವರು ಹಾಂಗ್‌ಕಾಂಗ್ ನೋಡಬೇಕು. ಅದೂ ಆಳಕ್ಕೆ ಕೊಳೆತ ಗ್ರಾನೈಟಿನ ಮೇಲೆ, ಇಕ್ಕಟ್ಟಿನಲ್ಲಿ ಬೆಳೆದ ಊರು. 1972ರ ಜೂನ್ 18ರಂದು ಒಂದೇ ದಿನದ ಎರಡು ಭೂಕುಸಿತಗಳಲ್ಲಿ ಅಲ್ಲಿ 138 ಜನ ಸತ್ತರು. 1976ರಲ್ಲಿ ಮತ್ತೊಂದು ದುರಂತ. 1977ರಲ್ಲಿ ನೆಲದಡಿಯ ಕೆಲಸಗಳ ಮೇಲೆ ನಿಗಾ ಇಡಲೆಂದೇ ಪ್ರತ್ಯೇಕ ಕಚೇರಿ ಶುರುವಾಯಿತು. ಅಗೆತದ ನಕ್ಷೆಗಳ ತಪಾಸಣೆ, ಮಳೆ ಅಳತೆ ನೋಡಿ ಎಚ್ಚರಿಕೆ, ಊರೆಲ್ಲ ಕೊರೆದ ರಂಧ್ರಗಳ ದಾಖಲೆ ಯಾರು ಬೇಕಾದರೂ ನೋಡುವಂತೆ ಒಂದೆಡೆ ಸಂಗ್ರಹ. ನಮ್ಮದು ಅಂಥ ಕಡಿದಾದ ಗುಡ್ಡಗಳ ಊರಲ್ಲ, ನಿಜ. ಆದರೆ ನಲವತ್ತು ಅಡಿ ಬೇಸ್‌ಮೆಂಟ್ ಗುಂಡಿಯ ಅಂಚು ಎಂದರೆ ನಾವೇ ಮಾಡಿಕೊಂಡ ಗುಡ್ಡದ ಅಂಚಲ್ಲವೇ?

ಎಚ್ಚರಿಕೆಯ ಗುರುತುಗಳು ಯಂತ್ರವಿಲ್ಲದೆಯೂ ಕಾಣುತ್ತವೆ. ಪಕ್ಕದಲ್ಲಿ ಅಗೆತ ಶುರುವಾದ ಮೇಲೆ ಷಟರ್ ಸಲೀಸಾಗಿ ಇಳಿಯದೆ ಕಚ್ಚಿಕೊಳ್ಳುವುದು, ಬಾಗಿಲ ಮೂಲೆಯಿಂದ ಓರೆಯಾಗಿ ಏಳುವ ಬಿರುಕು, ನೆಲದ ಟೈಲ್ಸ್ ಟಕ್ಕೆಂದು ಎದ್ದುಕೊಳ್ಳುವುದು, ಗೋಡೆಗೂ ಫುಟ್‌ಪಾತಿಗೂ ನಡುವೆ ಬೆರಳು ತೂರುವಷ್ಟು ಸಂದು. ಇವುಗಳಿಗಿಂತ ಮುಖ್ಯವಾದದ್ದು ಗುಂಡಿಯಿಂದ ಪಂಪ್ ಎತ್ತಿ ಹಾಕುವ ನೀರಿನ ಬಣ್ಣ. ತಿಳಿಯಾಗಿ ಬರುತ್ತಿದ್ದ ನೀರು ಕೆಂಪಗೋ ಹಾಲಿನಂತೆ ಬೆಳ್ಳಗೋ ಆಯಿತೆಂದರೆ ಪಕ್ಕದ ನೆಲದ ಮಣ್ಣು ಅದರ ಜೊತೆ ಬರುತ್ತಿದೆ. ಆಗ ಕೆಲಸ ನಿಲ್ಲಬೇಕು, ಜನ ಹೊರಬರಬೇಕು. ಬಿರುಕಿನ ಎರಡು ಬದಿಗೂ ಪೆನ್ಸಿಲ್ ಗುರುತು ಹಾಕಿ, ತಾರೀಖು ಬರೆದು, ವಾರಕ್ಕೊಮ್ಮೆ ಫೋಟೊ ತೆಗೆದಿಡುವುದಕ್ಕೆ ಖರ್ಚೇನಿಲ್ಲ.

ಆದರೆ ಹೇಳುವವರು ಯಾರು? ಇಲ್ಲೇ ಇಡೀ ವಿಷಯದ ಗಂಟು. ಕಮರ್ಷಿಯಲ್ ಸ್ಟ್ರೀಟ್ ಸುತ್ತಲಿನ ಬೀದಿಗಳ ಅನೇಕ ಅಂಗಡಿಗಳು ತಲೆಮಾರುಗಳಿಂದ ಕಡಿಮೆ ಬಾಡಿಗೆಯಲ್ಲಿ ನಡೆಯುತ್ತಿವೆ. ಬಿರುಕು ಬಿಟ್ಟಿದೆ ಎಂದು ಬಾಡಿಗೆದಾರ ಬಾಯಿಬಿಟ್ಟರೆ, ಕಟ್ಟಡ ಶಿಥಿಲವಾಗಿದೆ, ಖಾಲಿ ಮಾಡಿ ಎಂದು ಮಾಲೀಕ ಹೊರಹಾಕಲು ಅದೇ ನೆಪವಾಗುತ್ತದೆ. ಮಾಲೀಕ ದೂರು ಕೊಟ್ಟರೆ ಪಾಲಿಕೆಯ ನೋಟಿಸ್ ಬರುವುದು ಅವನ ಬಾಗಿಲಿಗೇ, ಗುಂಡಿ ತೋಡಿದವನಿಗಲ್ಲ. ಹಾಗಾಗಿ ಇಬ್ಬರೂ ಸಿಮೆಂಟ್ ಮೆತ್ತಿ, ಸುಣ್ಣ ಬಳಿದು ಸುಮ್ಮನಾಗುತ್ತಾರೆ. ಅಗೆತಕ್ಕೆ ಅನುಮತಿ ಕೊಡುವ ಮೊದಲೇ ಸುತ್ತಲಿನ ಪ್ರತಿ ಕಟ್ಟಡದ ಸ್ಥಿತಿಯನ್ನು ಪಾಲಿಕೆಯ ಎಂಜಿನಿಯರ್ ಫೋಟೊ ಸಮೇತ ದಾಖಲಿಸಿ, ಮಾಲೀಕನಿಗೂ ಬಾಡಿಗೆದಾರನಿಗೂ ಒಂದೊಂದು ಪ್ರತಿ ಕೊಡಬೇಕು. ಆಮೇಲೆ ಬರುವ ಪ್ರತಿ ಹೊಸ ಬಿರುಕಿಗೆ ಅಗೆಯುವವನೇ ಉತ್ತರ ಹೇಳಬೇಕು, ಅದೇ ಬಿರುಕನ್ನು ತೋರಿಸಿ ಬಾಡಿಗೆದಾರನನ್ನು ಎಬ್ಬಿಸಕೂಡದು. ಇದಿಲ್ಲದೆ ಎಷ್ಟು ಸೆನ್ಸರ್ ಜಡಿದರೂ ಮೊದಲ ಎಚ್ಚರಿಕೆ ನಮ್ಮ ಕಿವಿಗೆ ಬೀಳುವುದಿಲ್ಲ.

ಬೆಂಗಳೂರಿನಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಬ್ಬದ ವ್ಯಾಪಾರ ಏರುವುದೂ ಬಹುಪಾಲು ಆಗಲೇ. ಕೇಂದ್ರ ನಗರ ಪಾಲಿಕೆ ಈ ಬೀದಿಗಳಲ್ಲಿ ಬೇಸ್‌ಮೆಂಟ್ ಅಗೆತಕ್ಕೆ ಮೇ ಮೊದಲ ವಾರದಿಂದ ನವೆಂಬರ್‌ವರೆಗೆ ಹೊಸ ಅನುಮತಿ ಕೊಡಬಾರದು. ಈಗಾಗಲೇ ತೆರೆದಿರುವ ಗುಂಡಿಗಳಿಗೆ ಆಧಾರ ಗೋಡೆ ಇದೆಯೇ ಎಂದು ಏಪ್ರಿಲ್ ಮುಗಿಯುವುದರೊಳಗೆ ಹೋಗಿ ನೋಡಬೇಕು. ಜಲಮಂಡಳಿ ಶಿವಾಜಿನಗರ ಮತ್ತು ಹಲಸೂರಿನ ಬೋರ್‌ವೆಲ್ ಮಾಲೀಕರಿಂದ ಕೇಸಿಂಗ್ ಅಡಿ ಕೇಳುವ ಒಂದು ಸಾಲಿನ ಸಂದೇಶವನ್ನು ಮುಂದಿನ ತಿಂಗಳ ನೀರಿನ ಬಿಲ್ಲಿನ ಜೊತೆಗೇ ಕಳಿಸಬಹುದು.